ಮುಂದಕ್ಕೆ ನೋಡಿ ಆಡಿದ ಮಾತು

ತುಳು ನಾಟಕದಲ್ಲಿ ನಾನು ಬಹಳ ವರ್ಷ ಒಬ್ಬರದೇ ಹೆಂಡತಿ. ಅವರು ನಮ್ಮ ತಂಡದ ನಾಯಕನಟ, ನನ್ನ ಗಂಡ ಅಲ್ಲ. ನನ್ನ ಗಂಡ ಅದೇ ತಂಡದ ಮೈಕಿನವರು. ಬಂಟ್ವಾಳದಲ್ಲಾಗಲಿ ಬೆಳ್ತಂಗಡಿಯಲ್ಲಾಗಲಿ, ರಂಗದ ಮೇಲಿಂದ ಮೈಕುಗಳನ್ನು ಇಳಿಬಿಟ್ಟು, ಸಭಿಕರ ಮುಂದುಗಡೆ, ರಂಗಕ್ಕೆ ಎದುರಾಗಿ, ಸ್ವರ ಏರಿಸಿ ಇಳಿಸುವ ತಮ್ಮ ಪೆಟ್ಟಿಗೆಯ ಹಿಂದೆ ಕೂತರೆ ನಾಟಕ ಮುಗಿಯುವವರೆಗೆ ಏಳುವವರಲ್ಲ. ನಟರಾದ ನಾವು ಮಾತಿಗೆ ಮೊದಲು ಮೈಕಿನ ಕೆಳಗೆ ಬಂದು, ಸಭೆಗೆ ಮುಖ ಮಾಡಿ ನಿಲ್ಲಬೇಕು. ಪಕ್ಕದಲ್ಲಿರುವ ನಾಟಕದ ಗಂಡನನ್ನು ಬೈಯುವುದಾದರೂ ಮುದ್ದು ಮಾಡುವುದಾದರೂ ಮುಂದಕ್ಕೆ ನೋಡಿಯೇ ಮಾಡಬೇಕು.

ಊರಿನವರಿಗೆ ಮಾತ್ರ ರಂಗದ ಜೋಡಿಯೇ ನಿಜದ ಜೋಡಿ. ಮೆಲ್ಕಾರಿನಲ್ಲಿ ಮೀನು ಮಾರುವ ಹೆಂಗಸು ಒಮ್ಮೆ, ನಿಮ್ಮ ಯಜಮಾನರ ಕೆಮ್ಮು ಕಡಿಮೆಯಾಯಿತೇ ಎಂದು ವಿಚಾರಿಸಿದಳು. ಹಿಂದಿನ ದಿನದ ನಾಟಕದಲ್ಲಿ ಕೆಮ್ಮಿದ್ದು ನಾಯಕನಟ. ನನ್ನ ಯಜಮಾನರು ಪಕ್ಕದಲ್ಲೇ ಚೀಲ ಹಿಡಿದು ನಿಂತಿದ್ದರು. ಕಡಿಮೆಯಾಗಿದೆ ಎಂದು ಅವರೇ ಉತ್ತರ ಕೊಟ್ಟು, ಬಂಗುಡೆ ಆರಿಸಲು ಬಗ್ಗಿದರು. ದಾರಿಯುದ್ದಕ್ಕೂ ನಾನು ನಕ್ಕೆ, ಅವರೂ ನಕ್ಕರೆಂದು ನೆನಪು. ಆದರೆ ಅವತ್ತಿನಿಂದ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು. ಈ ಮನುಷ್ಯನಿಗೆ ನೋವಾಗುತ್ತದೆಯೋ ಇಲ್ಲವೋ? ಕೇಳಲು ಹೆದರಿಕೆ. ಆಗುತ್ತದೆ ಎಂದರೆ ನಾಟಕ ಬಿಡಬೇಕು. ಆಗುವುದೇ ಇಲ್ಲ ಎಂದರೆ, ನಿಜ ಹೇಳುತ್ತೇನೆ, ಅದೂ ನನಗೆ ಬೇಡವಾಗಿತ್ತು.

ಕಳೆದ ವರ್ಷ ಮೂಡುಬಿದಿರೆಯಲ್ಲಿ ಓದಿದ ಹುಡುಗಿಯೊಬ್ಬಳು ಗೆಳೆಯರನ್ನು ಕಟ್ಟಿಕೊಂಡು ನಮ್ಮಂಥವರ ಬಗ್ಗೆ ಸಣ್ಣದೊಂದು ಸಿನಿಮಾ ಮಾಡಲು ಬಂದಳು. ರಂಗದ ಸಂಸಾರ, ಮನೆಯ ಸಂಸಾರ, ಎರಡರ ಸಿಕ್ಕು, ಇದೇ ಕತೆ. ನನ್ನ ಪಾತ್ರ ನನಗೇ. ಮನೆಯ ಗಂಡನ ಪಾತ್ರಕ್ಕೆ ನನ್ನವರು ಖಡಾಖಂಡಿತ ಒಪ್ಪಲಿಲ್ಲ. ಹಾಗಾಗಿ ಅದೂ ನಾಯಕನಟರ ಪಾಲಿಗೇ ಹೋಯಿತು. ರಂಗದ ಮೇಲೆ ಗಂಡನಾದದ್ದು ಸಾಲದೆ ಈಗ ಇದೊಂದು ಬಾಕಿ ಇತ್ತು ನೋಡಿ.

ಸಿದ್ಧಕಟ್ಟೆಯ ಹತ್ತಿರ ಒಂದು ಮನೆಯ ಚಾವಡಿಯಲ್ಲಿ ಚಿತ್ರೀಕರಣ. ಅಲ್ಲಿ ಇಳಿಬಿಟ್ಟ ಮೈಕಿಲ್ಲ. ಸೆರಗಿನೊಳಗೆ ಅಂಗಿಯ ಗುಂಡಿಯಷ್ಟು ಸಣ್ಣದೊಂದು ಮೈಕು ಸಿಕ್ಕಿಸಿದ್ದರು. ನನ್ನವರು ಕೆಲಸವೇ ಇಲ್ಲದೆ ಕ್ಯಾಮೆರಾದ ಪಕ್ಕ ಕೈಕಟ್ಟಿ ನಿಂತಿದ್ದರು. ನಾನು ಗಂಡನ ಪಾತ್ರದಲ್ಲಿದ್ದ ನಾಯಕನಟರ ಮುಖ ನೋಡಿ ಒಂದು ಪ್ರಶ್ನೆ ಕೇಳಬೇಕಿತ್ತು. ಅವರನ್ನೇ ನೋಡಿ, ಕ್ಯಾಮೆರಾದ ಕಡೆ ತಿರುಗಬೇಡಿ ಎಂದು ಹುಡುಗಿ ಮತ್ತೆ ಮತ್ತೆ ಹೇಳಿದ್ದಳು. ತಲೆ ಒಪ್ಪಿತು, ಕಾಲು ಕೇಳಬೇಕಲ್ಲ. ಹಳೆಯ ಅಭ್ಯಾಸದಂತೆ ಮುಂದೆ ಬಂದು, ಇಲ್ಲದ ಮೈಕಿನ ಕೆಳಗೆ ನಿಂತು, ಎದುರಿಗೆ ನೋಡಿ ಕೇಳಿಬಿಟ್ಟೆ.

"ಇಷ್ಟು ವರ್ಷ ನಾನು ಇನ್ನೊಬ್ಬರ ಹೆಂಡತಿಯಾಗಿ ನಿಂತದ್ದು ನಿಮಗೆ ಬೇಜಾರಾಗ್ಲಿಲ್ವಾ?"

ಎದುರಿಗೆ ಇದ್ದದ್ದು ನನ್ನವರು. ಅದು ಪಾತ್ರದ ಮಾತೆಂಬುದು ಇಬ್ಬರಿಗೂ ಮರೆತುಹೋಯಿತು.

"ಆಗ್ತಿತ್ತು," ಎಂದರು. ಕಟ್ಟಿದ್ದ ಕೈ ಬಿಚ್ಚಿ, "ಆದ್ರೆ ನೀನು ಅವನ ಮುಖ ನೋಡಿ ಒಂದು ಮಾತೂ ಹೇಳಿದ್ದಿಲ್ಲ ಮಾರಾಯ್ತಿ. ಎಲ್ಲ ನಾನು ಕೂತಲ್ಲಿಗೆ ನೋಡಿಯೇ ಹೇಳಿದ್ದು."

ಉತ್ತರಕ್ಕೆ ಬಾಯಿ ತೆರೆದಿದ್ದ ನಾಯಕನಟರು ಮೆಲ್ಲಗೆ ಪಕ್ಕಕ್ಕೆ ಸರಿದರು. ನನಗೆ ಅಳು ಬಂತು, ತಡೆಯಲಿಲ್ಲ. ಹುಡುಗಿ ಕ್ಯಾಮೆರಾ ನಿಲ್ಲಿಸಲೇ ಇಲ್ಲ.

ಈ ವರ್ಷ ಸಿನಿಮಾವನ್ನು ಮೂಡುಬಿದಿರೆಯ ಒಂದು ಸಭಾಂಗಣದಲ್ಲಿ ತೋರಿಸಿದರು. ಆ ದೃಶ್ಯವನ್ನು ಅವಳು ಹಾಗೆಯೇ ಉಳಿಸಿಕೊಂಡಿದ್ದಳು. ಪರದೆಯ ಮೇಲೆ ನನ್ನವರು ಕಾಣುವುದಿಲ್ಲ, ಸ್ವರ ಮಾತ್ರ ಕೇಳುತ್ತದೆ. ಸ್ವರ ಸ್ವಲ್ಪ ಏರಿಸಬೇಕಿತ್ತು ಎಂದು ಪಕ್ಕದಲ್ಲಿ ಕೂತು ಗೊಣಗಿದರು. ಮೈಕಿನವರ ಬುದ್ಧಿ ಎಲ್ಲಿಗೆ ಹೋಗುತ್ತದೆ. ಅಷ್ಟರಲ್ಲಿ ಹಿಂದಿನ ಸಾಲಿನ ಹೆಂಗಸೊಬ್ಬರು, ಆ ಮಾತಾಡಿದ್ದು ಯಾರು ಎಂದು ನನ್ನನ್ನೇ ಕೇಳಿದರು.

ನಾನು ನನ್ನವರ ಕೈ ಹಿಡಿದುಕೊಂಡು ಹಿಂದಕ್ಕೆ ತಿರುಗಿ, ಇವರು, ನನ್ನ ಯಜಮಾನರು ಎಂದೆ.