ಅಕ್ಕ ಮತ್ತು ಗೇಟಿನ ನಂದಿಬಟ್ಟಲು

ಅಕ್ಕನ ಬೆರಳ ತುದಿಗಳು ಮುಂಬಯಿಯ ಮೇ ತಿಂಗಳಲ್ಲೂ ತಣ್ಣಗಿರುತ್ತಿದ್ದವು. ಯಾರಾದರೂ ಕಣ್ಣು ಉರಿ ಎಂದರೆ ಸಾಕು, ಮಲಗಿಸಿ, ರೆಪ್ಪೆಗಳ ಮೇಲೆ ಒದ್ದೆ ನಂದಿಬಟ್ಟಲು ಹೂ ಇಟ್ಟು, ಅದರ ಮೇಲೆ ಬೆರಳಿಟ್ಟು ಕೂರುತ್ತಿದ್ದರು. ಚೆಂಬೂರಿನ ನಮ್ಮ ಬಿಲ್ಡಿಂಗಿಗೆಲ್ಲ ಅವರು ಅಕ್ಕ. ಉಡುಪಿ ಕಡೆಯವರು, ಹೋಟೆಲಿನಲ್ಲಿ ದುಡಿಯುತ್ತಿದ್ದ ಗಂಡ ತೀರಿಕೊಂಡ ಮೇಲೆ ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದರು. ಗೇಟಿನ ಪಕ್ಕದ ನಂದಿಬಟ್ಟಲು ಊರಿನಿಂದ ಅವರೇ ತಂದು ನೆಟ್ಟ ಗಿಡ. ಬೇರೆಯವರು ಒಂದು ಹೂ ಕಿತ್ತರೂ ವಿಚಾರಣೆ ನಡೆಯುತ್ತಿತ್ತು.

"ಕಣ್ಣಿಗೆ ಇದರಷ್ಟು ತಂಪು ಬೇರೆ ಎಂತ ಉಂಟು?" ಎನ್ನುತ್ತಿದ್ದರು. ನಾವೂ ಹೌದೆನ್ನುತ್ತಿದ್ದೆವು.

ಕೊನೆಗೆ ಅವರ ಕಣ್ಣಿಗೇ ಪೊರೆ ಬಂತು. ಆಸ್ಪತ್ರೆಯಲ್ಲಿ ಎಡಗಣ್ಣಿನ ಪೊರೆ ತೆಗೆದು ಲೆನ್ಸ್ ಕೂರಿಸಿದರು. ಮೊದಲು ಎಲ್ಲ ಚೆನ್ನಾಗಿತ್ತು. "ಎದುರಿನ ಬಿಲ್ಡಿಂಗಿನವಳು ಒಣಗಲು ಹಾಕಿದ ಸೀರೆಯ ಅಂಚು ಸಹ ಕಾಣ್ತದೆ ಮಾರಾಯ್ತಿ" ಎಂದು ಹಿಗ್ಗಿದ್ದರು. ಆಮೇಲೆ ಕಣ್ಣು ಕೆಂಪಾಗಿ ನೋವು ಶುರುವಾಯಿತು. "ಅದು ಉಷ್ಣ ಹೊರಗೆ ಹೋಗುವುದು" ಎಂದು ತಾವೇ ತೀರ್ಮಾನಿಸಿದರು. ಡಾಕ್ಟರು ಕೊಟ್ಟ ಹನಿಯ ಜೊತೆಗೆ, ನಂದಿಬಟ್ಟಲು ನೆನೆಸಿದ ನೀರನ್ನೂ ಕಣ್ಣಿಗೆ ಬಿಟ್ಟುಕೊಂಡರು. ನಾವು ಬಲವಂತವಾಗಿ ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಕಣ್ಣಿನೊಳಗೆ ಕೀವು ತುಂಬಿತ್ತು. ಕೂರಿಸಿದ ಲೆನ್ಸನ್ನೇ ತೆಗೆಯಬೇಕಾಯಿತು. ಆ ಕಣ್ಣಿಗೆ ಮತ್ತೆ ಬೆಳಕು ಬರಲಿಲ್ಲ.

ಹೂವಿನ ನೀರಿನಿಂದಲೇ ಹೀಗಾಯಿತೆಂದು ಡಾಕ್ಟರು ಹೇಳಲಿಲ್ಲ. ಗಾಯ ಹಸಿಯಿರುವಾಗ ಬೇರೇನೂ ಹಾಕಬಾರದಿತ್ತು, ನೋವು ಬಂದ ದಿನವೇ ಬರಬೇಕಿತ್ತು ಎಂದರು, ಅಷ್ಟೆ. ಗಿಡವನ್ನು ಕಡಿಸಿಬಿಡಿ ಎಂದು ಯಾರೋ ಹೇಳಿದಾಗ ಅಕ್ಕ ಸಿಟ್ಟಾದರು. "ಹೂವಿನದ್ದೆಂತ ತಪ್ಪು? ಹಾಕಿದ ಕೈ ನನ್ನದಲ್ಲವಾ?"

ಅಂದಿನಿಂದ ಬಿಲ್ಡಿಂಗಿನಲ್ಲಿ ಯಾರ ಪೊರೆ ತೆಗೆದರೂ ಅಕ್ಕ ಹಾಜರು. ಮುಖ ಮುಂದೆ ಚಾಚಿ, ಬೆಳ್ಳಗಾದ ತಮ್ಮ ಕಣ್ಣು ತೋರಿಸಿ, "ಇದನ್ನು ನೋಡಿ, ಮತ್ತೆ ಮನೆಮದ್ದಿನ ಮಾತಾಡಿ" ಎನ್ನುತ್ತಿದ್ದರು. ಕೈ ತೊಳೆಯದೆ ಹನಿ ಹಾಕಲು ಬಂದ ಮನೆಯವರಿಗೆ ಗ್ರಹಚಾರ ಬಿಡಿಸುತ್ತಿದ್ದರು. ಬಲಗಣ್ಣಿಗೂ ಪೊರೆ ಕಟ್ಟುತ್ತಿತ್ತು. ಅದರ ಮಾತೆತ್ತಿದರೆ ಮಾತ್ರ ಎದ್ದು ಹೋಗುತ್ತಿದ್ದರು.

ಒಂದು ಕಣ್ಣಿನ ಪೊರೆ ತೆಗೆಸುವ ನನ್ನ ಸರದಿಯೂ ಬಂತು. ಆಪರೇಶನ್ ಆದ ಮೇಲೆ ಅಕ್ಕ ದಿನಾ ಬೆಳಿಗ್ಗೆ ಮೇಲಿನ ನಮ್ಮ ಮನೆಗೆ ಬಂದು, ನನ್ನನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ಇನ್ನೊಂದು ಕಣ್ಣು ಮುಚ್ಚಿಸಿ ಕೇಳುತ್ತಿದ್ದರು: "ಗಿಡದಲ್ಲಿ ಎಷ್ಟು ಹೂ ಕಾಣ್ತದೆ?" ಶಾಲೆಯ ಮಗುವಿನ ಹಾಗೆ ನಾನು ಎಣಿಸಿ ಹೇಳುತ್ತಿದ್ದೆ. ಗಣಪತಿ ವಿಸರ್ಜನೆಯ ದಿನ ಎಣಿಸಲಾಗಲಿಲ್ಲ. ಎಲ್ಲ ಮಬ್ಬು, ಒಳಗೆ ಚುಚ್ಚುವ ನೋವು.

"ಇವತ್ತು ರಸ್ತೆಯೆಲ್ಲ ಬಂದ್ ಅಕ್ಕ, ನಾಳೆ ತೋರಿಸುವ" ಎಂದೆ.

"ನಾಳೆ ಅಂತಲೇ ನಾನೂ ಹೇಳಿದ್ದು. ಏಳು, ತಾಬಡ್ತೋಬ್, ಈಗಿಂದೀಗಲೇ ಹೋಗುವ!"

ರಿಕ್ಷಾ ಸಿಗಲಿಲ್ಲ. ಢೋಲು, ಎರಚುವ ಗುಲಾಲಿನ ಪುಡಿ, ಕುಣಿಯುವ ಜನ. ಅರ್ಧ ಕಣ್ಣಿನ ಆ ಮುದುಕಿ ತಮ್ಮ ಸೆರಗನ್ನು ನನ್ನ ಮುಖಕ್ಕೆ ಮರೆ ಹಿಡಿದು, "ಬಾಜೂ ಹಟೋ, ಆಪರೇಶನ್‌ವಾಲಿ ಹೈ" ಎಂದು ಕೂಗಿ ಜನರಿಂದ ದಾರಿ ಬಿಡಿಸಿಕೊಳ್ಳುತ್ತಾ ನನ್ನನ್ನು ಎಳೆದೊಯ್ದರು. ಆಗಾಗ ತಾವೇ ಎಡವುತ್ತಿದ್ದರು. ನನ್ನ ಕೈ ಮಾತ್ರ ಬಿಡಲಿಲ್ಲ.

ಡಾಕ್ಟರು ಪರೀಕ್ಷಿಸಿ, ಸೋಂಕು ಶುರುವಾಗಿದೆ, ಈಗಲೇ ಕಣ್ಣಿನೊಳಗೆ ಇಂಜೆಕ್ಷನ್ ಕೊಡಬೇಕು ಎಂದರು. "ಬೇಗ ಬಂದಿರಿ, ಒಳ್ಳೆಯದಾಯಿತು" ಎಂದೂ ಹೇಳಿದರು. ತಮ್ಮ ಕಣ್ಣು ಹೋದಾಗಲೂ ಅಳದ ಅಕ್ಕ, ಆ ಮಾತು ಕೇಳಿ ಬೆಂಚಿನ ಮೇಲೆ ಕುಸಿದು ಬಿಕ್ಕಿಬಿಕ್ಕಿ ಅತ್ತರು.

ನನ್ನ ಕಣ್ಣು ಉಳಿಯಿತು. ಅದನ್ನು ಕಂಡ ಮೇಲೆ ಅವರೂ ಧೈರ್ಯ ಮಾಡಿ ಬಲಗಣ್ಣಿನ ಪೊರೆ ತೆಗೆಸಿಕೊಂಡರು. ಹನಿ ಹಾಕಿದವಳು ನಾನು. ಹಾಕುವಾಗಲೆಲ್ಲ "ಕೈ ತೊಳೆದೆಯಾ?" ಎಂದು ಅವರಿಂದ ಗದರಿಸಿಕೊಳ್ಳುತ್ತಿದ್ದೆ. ಆ ಕಣ್ಣು ಉಳಿಯಿತು.

ಕಳೆದ ಚಳಿಗಾಲದಲ್ಲಿ ಅಕ್ಕ ನಿದ್ದೆಯಲ್ಲೇ ಹೋದರು. ಗಿಡದಿಂದ ಎರಡು ಹೂ ಕಿತ್ತು, ನೀರಲ್ಲಿ ಅದ್ದಿ, ಅವರ ಮುಚ್ಚಿದ ರೆಪ್ಪೆಗಳ ಮೇಲಿಟ್ಟೆ. ಅವರ ಬೆರಳುಗಳು ಎಂದಿನಂತೆ ತಣ್ಣಗಿದ್ದವು.

ಈಗಲೂ ಬೆಳಿಗ್ಗೆ ಕಿಟಕಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿಕೊಳ್ಳುತ್ತೇನೆ. ಎಲ್ಲ ಹೂಗಳೂ ಕಾಣುತ್ತವೆ. ಎಷ್ಟು ಎಂದು ಕೇಳುವವರಿಲ್ಲ.