ಸುಂಕದಕಟ್ಟೆಯಲ್ಲಿ ಸಿಕ್ಕ ಅಜ್ಜಿಯ ಹೆಪ್ಪು

ಆ ದಿನಗಳಲ್ಲಿ ಬಸವೇಶ್ವರನಗರದ ನಮ್ಮ ಮನೆಯಲ್ಲಿ ಎಷ್ಟೇ ಹೋಳಿಗೆ ತಿಂದಿರಲಿ, ಕೊನೆಗೊಂದು ತುತ್ತು ಮೊಸರನ್ನ ಬೀಳದೆ ಯಾರೂ ತಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಹಳೆಯ ಮೊಸರು ಬಿಟ್ಟು ಹೆಪ್ಪು ಹಾಕುವುದು ಅಜ್ಜಿಯ ಕೆಲಸ. ಅಪ್ಪನ ಅಮ್ಮ ಅವಳು. ಆ ಹೆಪ್ಪು ಮದುವೆಯಾಗಿ ಬಂದಾಗ ತವರಿನಿಂದ ತಂದದ್ದು, ಅವತ್ತಿನಿಂದ ಕೆಟ್ಟೇ ಇಲ್ಲ ಎಂದು ಹೇಳಿಕೊಳ್ಳುತ್ತಿದ್ದಳು. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆ ರುಚಿಯಂತೂ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಮೊದಲು ಚೂರು ಹುಳಿ, ನುಂಗಿದ ಮೇಲೆ ಸಿಹಿ.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ಸಂಕ್ರಾಂತಿಯಾದ ಮೇಲೆ ಅಜ್ಜಿ ಹೋದಳು. ಅಮ್ಮ ಒಂದು ಹನಿ ಕಣ್ಣೀರು ಹಾಕಲಿಲ್ಲ. ಇಬ್ಬರೂ ದಿನಾ ಒಗ್ಗರಣೆಯಿಂದ ಹಿಡಿದು ರಂಗೋಲಿಯ ತನಕ ಜಗಳವಾಡಿದವರೇ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನೆಂಟರು ಬಾಗಿಲ ಹಿಂದೆ ಆಡಿಕೊಂಡರು. ಅಮ್ಮನ ಕಿವಿಗೂ ಬಿದ್ದಿರಬೇಕು. ಅವಳು ಅಂದಿನಿಂದ ತಾನೇ ಹೆಪ್ಪು ಹಾಕತೊಡಗಿದಳು.

ಶಿವರಾತ್ರಿ ಕಳೆದ ಒಂದು ಭಾನುವಾರ ಅಪ್ಪ ಒಬ್ಬರೇ ಬಡಿಸಿಕೊಂಡು ಉಂಡು, ಪಾತ್ರೆಯ ತಳದ ಮೊಸರನ್ನೂ ಬಳಿದು ತಿಂದು, ಅದಕ್ಕೆ ನೀರು ತುಂಬಿ ಬಚ್ಚಲಿಗೆ ಇಟ್ಟರು.

"ಹೆಪ್ಪಿಗೂ ಬಿಡ್ಲಿಲ್ವಾ?" ಎಂದಳು ಅಮ್ಮ.

"ಚೆನ್ನಾಗಿತ್ತು ಕಣೇ, ಗೊತ್ತಾಗ್ಲಿಲ್ಲ. ಎದುರುಮನೇಲಿ ಇಸ್ಕೊಂಡ್ರಾಯ್ತು ಬಿಡು."

ಅಮ್ಮ ಎದುರುಮನೆಗೆ ಹೋಗಲಿಲ್ಲ. ಹಾಲು ಕಾಫಿಗೆ ಮುಗಿಯಿತು, ಮಿಕ್ಕಿದ್ದು ನನ್ನ ಹೊಟ್ಟೆಗೆ. ಊಟಕ್ಕೆ ಕೂತ ಅಪ್ಪ ಸಾರನ್ನಕ್ಕೇ ಕೈ ತೊಳೆದು, ತಪ್ಪು ಮಾಡಿದ ಹುಡುಗನ ಹಾಗೆ ಎದ್ದು ಹೋಗುತ್ತಿದ್ದರು. ಒಂದು ಸಂಜೆ ನನಗೆ ಜಡೆ ಹಾಕುತ್ತಾ ಅಮ್ಮ ಅಂದಳು: "ಅಷ್ಟು ವರ್ಷ ಉಳಿಸ್ಕೊಂಡಿದ್ರು ಶೈಲು. ನನ್ ಕೈಗೆ ಬಂತು, ಹೋಯ್ತು. ಜನ ಅಂದ್ಕೊಳ್ಳೋದು ನಿಜಾನೇನೋ."

ಅದೇ ವಾರ ಸೈನ್ಸ್ ಮಿಸ್ ನಮ್ಮನ್ನು ಕೆಂಗೇರಿ ಆಚೆಯ ಒಂದು ಡೈರಿಗೆ ಕರೆದುಕೊಂಡು ಹೋದರು. ಬಸ್ಸಿನಲ್ಲಿ ಅಂತ್ಯಾಕ್ಷರಿ, ಕಿತ್ತಾಟ, ಪುಳಿಯೋಗರೆ ವಾಸನೆ. ಡೈರಿಯ ಬಾಗಿಲಲ್ಲೇ ಚಪ್ಪಲಿ ಬಿಡಿಸಿ, ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಕಾಲು ತೊಳೆಸಿ, ತಲೆಗೆ ಬಟ್ಟೆ ಕಟ್ಟಿಸಿದರು. ತಿಥಿಯ ದಿನ ನಮ್ಮಜ್ಜಿಯ ಅಡುಗೆಮನೆಯಲ್ಲೂ ಇಷ್ಟು ಮಡಿ ಇರಲಿಲ್ಲ. ಒಳಗೆಲ್ಲ ಕಾದ ಹಾಲಿನ ಘಮ. ಹುಡುಗರಿಗೆ ಕೊನೆಯಲ್ಲಿ ಪುಕ್ಕಟೆ ಸಿಗುವ ಮಜ್ಜಿಗೆ ಪ್ಯಾಕೆಟ್ಟಿನದೇ ಧ್ಯಾನ.

ಒಂದು ಗಾಜಿನ ಕೋಣೆಯ ಮುಂದೆ ಬಿಳಿ ಕೋಟಿನ ಆಫೀಸರು ನಿಂತರು. ಒಳಗೆ ಸೀಸೆಗಳ ಸಾಲು. ಅಷ್ಟು ದೊಡ್ಡ ತೊಟ್ಟಿಗಳ ಮೊಸರಿಗೆಲ್ಲ ಈ ಸೀಸೆಗಳದ್ದೇ ಹೆಪ್ಪಂತೆ, ಅದರಲ್ಲಿರುವುದೆಲ್ಲ ಜೀವವಂತೆ. ನನಗೆ ತಡೆಯಲಾಗಲಿಲ್ಲ.

"ಸಾರ್, ಇದು ಕೆಟ್ಟೋದ್ರೆ ಏನ್ ಮಾಡ್ತೀರಾ?"

ಹುಡುಗರು ನಕ್ಕರು. ಆಫೀಸರು ನಗಲಿಲ್ಲ. "ಒಳ್ಳೇ ಪ್ರಶ್ನೆ ಕೇಳ್ದೆ ಕಣಮ್ಮ. ಬೇರೆ ಊರಿನ ಡೈರಿಗೂ ಸ್ವಲ್ಪ ಕೊಟ್ಟಿರ್ತೀವಿ. ನಮ್ದು ಕೆಟ್ರೆ ಅಲ್ಲಿಂದ ವಾಪಸ್ ತರ್ತೀವಿ. ಕೊಟ್ಟಿದ್ರೆ ತಾನೇ ಉಳಿಯೋದು?"

ನನಗೆ ತಟ್ಟನೆ ಜಯಮ್ಮ ಆಂಟಿ ನೆನಪಾದರು. ನಮ್ಮ ಮನೆಯ ಹಿಂದುಗಡೆ ಬಾಡಿಗೆಗಿದ್ದು, ದೀಪಾವಳಿಗೆ ಮುಂಚೆ ಸುಂಕದಕಟ್ಟೆಯಲ್ಲಿ ಸ್ವಂತ ಮನೆ ಕಟ್ಟಿಕೊಂಡು ಹೋದವರು. ಹೊರಡುವ ದಿನ ಅಜ್ಜಿ ಅವರ ಕೈಗೆ ಮುಚ್ಚಳದ ಗಿಂಡಿ ಕೊಟ್ಟು, "ಹಾಲುಕ್ಕಿಸಿದ ರಾತ್ರಿ ಇದನ್ನೇ ಹೆಪ್ಪು ಹಾಕೇ" ಎಂದಿದ್ದಳು.

ಮನೆಗೆ ಬಂದು ಹೇಳಿದೆ. ಹುರುಳಿಕಾಯಿ ಬಿಡಿಸುತ್ತಿದ್ದ ಅಮ್ಮ ಅದನ್ನು ಅಲ್ಲೇ ಬಿಟ್ಟು ಸೀರೆ ಬದಲಾಯಿಸಿದಳು. ಮಾಗಡಿ ರಸ್ತೆಯ ಬಸ್ಸು ಯಾವತ್ತೂ ಬೇಗ ಬಂದದ್ದಿಲ್ಲ. ನಾವು ತಲುಪುವ ಹೊತ್ತಿಗೆ ಕತ್ತಲಾಗಿ, ಜಯಮ್ಮ ಆಂಟಿಯ ದೇವರ ಮುಂದೆ ದೀಪ ಉರಿಯುತ್ತಿತ್ತು.

ಅಮ್ಮ ಬಾಗಿಲಲ್ಲೇ ವಿಷಯ ಹೇಳಿದಳು. ಆಂಟಿ ಕೆನ್ನೆಗೆ ಕೈ ಇಟ್ಟುಕೊಂಡರು. "ಅಯ್ಯೋ, ಇದೆ ಕಣ್ರೀ, ನಿಮ್ಮತ್ತೆ ಕೊಟ್ಟಿದ್ದೇ ಇದೆ. ಆದ್ರೆ ದೀಪ ಹಚ್ಚಿಬಿಟ್ನಲ್ಲ! ದೀಪ ಹಚ್ಚಿದ ಮೇಲೆ ಮೊಸರು ಹೊಸ್ತಿಲು ದಾಟಿಸ್ಬಾರ್ದು. ನಂಗೆ ಹೇಳ್ಕೊಟ್ಟಿದ್ದೂ ಅವ್ರೇ."

ಅಮ್ಮನ ಮುಖ ಸಣ್ಣದಾಯಿತು. "ಹೌದು, ಬೇಡ ಬಿಡಿ" ಎಂದು ಚಪ್ಪಲಿ ಮೆಟ್ಟಲು ತಿರುಗಿದಳು.

ಆಂಟಿ ಅವಳ ಕೈ ಹಿಡಿದು ಎಳೆದರು. "ಕೊಡೋ ಹಾಗಿಲ್ಲ ಅಂದೆ, ಬಡಿಸೋ ಹಾಗಿಲ್ಲ ಅಂದ್ನಾ? ಬನ್ನಿ, ಕೈ ತೊಳ್ಕೊಳ್ಳಿ."

ಬಿಸಿ ಅನ್ನ, ಮೊಸರು, ನಿಂಬೆಕಾಯಿ ಉಪ್ಪಿನಕಾಯಿ. ಅಮ್ಮ ಮೊದಲ ತುತ್ತು ಬಾಯಿಗಿಟ್ಟಳು. ಆಮೇಲೆ, "ಅತ್ತೇದೇ ಕಣೇ ಶೈಲು" ಎಂದವಳೇ ಅತ್ತಳು. ಎಂಜಲು ಕೈಯನ್ನು ತಟ್ಟೆಯಲ್ಲೇ ಬಿಟ್ಟು, ಎಡಗೈಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು, ಹೆಣ ಎತ್ತಿದ ದಿನ ಅಳದೆ ಇದ್ದದ್ದನ್ನೆಲ್ಲ ಅತ್ತಳು. ಆಂಟಿ ಅವಳ ತಟ್ಟೆಗೆ ಇನ್ನೊಂದು ಸೌಟು ಮೊಸರು ಬಿಟ್ಟು ಪಕ್ಕದಲ್ಲಿ ಕೂತರು. ನನಗೂ ಅಳು ಬಂತು.

ಮಾರನೆಯ ಬೆಳಿಗ್ಗೆ ಆಂಟಿ ತಾವೇ ಬಸ್ಸು ಹತ್ತಿ ಹೆಪ್ಪು ತಂದುಕೊಟ್ಟರು. ಮೊಸರಾದ ದಿನ ಅಪ್ಪ ಎಷ್ಟು ಹೆದರಿದ್ದರೆಂದರೆ, ಒಂದೇ ಸೌಟು ಬಡಿಸಿಕೊಂಡು ಪಾತ್ರೆಯಲ್ಲಿದ್ದುದನ್ನೆಲ್ಲ ಹೆಪ್ಪಿಗೇ ಬಿಟ್ಟು ಎದ್ದರು. ಅಮ್ಮ ನಕ್ಕು, ಮತ್ತೆ ಕೂರಿಸಿ ಬಡಿಸಿದಳು.

ಅಮ್ಮ ಇರುವ ತನಕ ಆ ಹೆಪ್ಪು ಅವಳ ಬಳಿಯಿತ್ತು, ಆಮೇಲೆ ನನ್ನ ಬಳಿ. ಹೋದ ವರ್ಷ ನಾನು ಆಸ್ಪತ್ರೆಯಲ್ಲಿದ್ದಾಗ ಅದು ಫ್ರಿಜ್ಜಿನಲ್ಲೇ ಬೂಸ್ಟು ಹಿಡಿಯಿತು. ಮನೆಗೆ ಬಂದು, ಯಾರ ಮನೆಯಲ್ಲಿ ಇರಬಹುದು ಎಂದು ಯೋಚಿಸುತ್ತಾ ಕೂತೆ. ಜಯಮ್ಮ ಆಂಟಿ ತೀರಿಕೊಂಡು ಎಷ್ಟೋ ಕಾಲವಾಗಿದೆ. ನಮ್ಮ ಅಪಾರ್ಟ್‌ಮೆಂಟಿಗೆ ಎಷ್ಟು ಸಂಸಾರ ಬಂದವು, ಎಷ್ಟು ಹೋದವು. ಯಾರೂ ಹೆಪ್ಪು ಕೇಳಿರಲಿಲ್ಲ, ನಾನೂ ಕೊಟ್ಟಿರಲಿಲ್ಲ.

ಅಂಗಡಿಯಿಂದ ಮೊಸರಿನ ಡಬ್ಬಿ ತಂದು ಹೆಪ್ಪು ಹಾಕಿದೆ. ಗಟ್ಟಿಯಾಗಿ, ಚೆನ್ನಾಗಿಯೇ ಆಗುತ್ತಿದೆ. ಇದು ಕೆಟ್ಟರೆ ಯಾರೂ ಅಳುವುದಿಲ್ಲ.