ಅವ್ವ ಮಾಡಿಸುತ್ತಿದ್ದ ಜಳಕ

ಜಳಕದ ವಿಷಯದಲ್ಲಿ ನಾನು ಅಪ್ಪಟ ಸೋಮಾರಿ. ಎರಡು ತಂಬಿಗೆ ನೀರು ಸುರಿದುಕೊಂಡು, ಸಾಬೂನನ್ನು ಮೈಗೆ ಒಮ್ಮೆ ತೋರಿಸಿ, ಮತ್ತೆ ಗೂಡಿನಲ್ಲಿಟ್ಟು ಹೊರಬರುತ್ತೇನೆ. ಗೋಕಾಕದ ಹೈಸ್ಕೂಲಿನಲ್ಲಿ ಹುಡುಗರಿಗೆ ಸಾಬೂನಿನ ಪಾಠ ಹೇಳುವ ವಿಜ್ಞಾನ ಮಾಸ್ತರ ಹೀಗೆ ಎಂಬುದು ಹೆಂಡತಿಯೊಬ್ಬಳಿಗೇ ಗೊತ್ತು. ನನಗೇನೂ ನಾಚಿಕೆಯಿಲ್ಲ. ಒಬ್ಬ ಮನುಷ್ಯ ಜೀವಮಾನದಲ್ಲಿ ತಿಕ್ಕಿಸಿಕೊಳ್ಳಬೇಕಾದಷ್ಟನ್ನೂ ನಾನು ಚಿಕ್ಕಂದಿನಲ್ಲೇ ತಿಕ್ಕಿಸಿಕೊಂಡು ದಣಿದಿದ್ದೇನೆ.

ತಿಕ್ಕಿದವಳು ಅವ್ವ. ತುಕ್ಕಾನಟ್ಟಿಯಲ್ಲಿ ನಮ್ಮ ಕೇರಿ ಊರ ಹೊರಗಿತ್ತು. ನಮ್ಮನ್ನು ಮುಟ್ಟದಿರಲು ಊರವರು ಕೊಡುತ್ತಿದ್ದ ಕಾರಣಗಳಲ್ಲಿ ‘ಹೊಲಸು’ ಎಂಬುದೂ ಒಂದು. ಉಳಿದ ಕಾರಣಗಳಿಗೆ ಅವ್ವನ ಬಳಿ ಉಪಾಯವಿರಲಿಲ್ಲ, ಇದಕ್ಕಿತ್ತು. ಅರಿವೆ ಒಗೆಯುವ ಸಾಬೂನು ಹಚ್ಚಿ ನನ್ನನ್ನೂ ಅರಿವೆಯಂತೆಯೇ ಒಗೆಯುತ್ತಿದ್ದಳು. ಕಲ್ಲಿಗೆ ಬಡಿಯುವುದೊಂದು ಬಾಕಿ. ಅಷ್ಟಾದರೂ ಸಾಲಿಯಲ್ಲಿ ಮಾಸ್ತರರು ನನ್ನನ್ನು ಹೊರಗಿನ ಕಟ್ಟೆಯ ಮೇಲೆಯೇ ಕೂಡಿಸಿದರು. ಅವ್ವ ಮರುದಿನ ಇನ್ನೂ ಜೋರಾಗಿ ತಿಕ್ಕಿದಳು.

ಸ್ವರಾಜ್ಯ ಬಂದು ವರ್ಷಗಳು ಕಳೆದವು. ನನಗೆ ನೌಕರಿಯಾಯಿತು, ಅವ್ವ ಗೋಕಾಕಕ್ಕೆ ಬಂದು ನಮ್ಮೊಂದಿಗಿದ್ದಳು. ಮಗಳು ಶಾಂತಾಳನ್ನು ಸಾಲಿಗೆ ಹಚ್ಚುವ ಮಾತು ಬಂದದ್ದೇ ತಡ, ಅವ್ವ ಪೇಟೆಯಿಂದ ಅದೇ ಅರಿವೆ ಸಾಬೂನು ತರಿಸಿದಳು. ಸಾಲಿ ಸುರುವಾಗುವ ಹೊತ್ತಿಗೆ ಕೂಸಿನ ಕೆನ್ನೆ, ಮೊಣಕೈ ಒಡೆದು ರಕ್ತ ಜಿನುಗುತ್ತಿತ್ತು. ಬಚ್ಚಲಿನಲ್ಲಿ ತಂಬಿಗೆಯ ಸದ್ದಾದರೆ ಸಾಕು, ಅವಳು ತನ್ನ ತಾಯಿಯ ಸೀರೆಯೊಳಗೆ ಅಡಗುತ್ತಿದ್ದಳು. ಹೆಂಡತಿ ನನ್ನ ಮುಖ ನೋಡಿದಳು. ಅತ್ತೆಗೆ ಹೇಳುವುದು ಅವಳಿಂದಾಗದು.

ಅಂದು ಸಂಜೆ, ದಿನವಿಡೀ ಒದರಿ ಬಂದ ಗಂಟಲಿನಲ್ಲೇ ಅವ್ವನಿಗೂ ಪಾಠ ಹೇಳಿದೆ. ಸಾಬೂನಿನ ಒಂದೊಂದು ಕಣಕ್ಕೂ ಒಂದು ತಲೆ, ಒಂದು ಬಾಲ. ತಲೆಗೆ ನೀರೆಂದರೆ ಪ್ರೀತಿ, ಬಾಲಕ್ಕೆ ಎಣ್ಣೆಯೆಂದರೆ ಪ್ರೀತಿ. ಮೈಮೇಲಿನ ಕೊಳೆ ಜಿಡ್ಡಿಗೆ ಅಂಟಿಕೊಂಡಿರುತ್ತದೆ. ಬಾಲಗಳೆಲ್ಲ ಆ ಜಿಡ್ಡಿನೊಳಗೆ ಹೊಕ್ಕು, ತಲೆಗಳು ಹೊರಗುಳಿದು, ಎಲ್ಲವೂ ಸೇರಿ ಜಿಡ್ಡಿನ ಹನಿಯನ್ನು ಸುತ್ತುಗಟ್ಟಿ ಎಬ್ಬಿಸುತ್ತವೆ. ನೀರು ಅದನ್ನು ಒಯ್ಯುತ್ತದೆ. ಆದರೆ ಕೊಳೆಯ ಜಿಡ್ಡು ಯಾವುದು, ಚರ್ಮ ತನ್ನ ರಕ್ಷಣೆಗೆ ಇಟ್ಟುಕೊಂಡ ಎಣ್ಣೆ ಯಾವುದು ಎಂಬ ಭೇದ ಸಾಬೂನಿಗೆ ತಿಳಿಯದು. ಎರಡನ್ನೂ ತೆಗೆಯುತ್ತದೆ. ಅರಿವೆಯ ಸಾಬೂನಿನಲ್ಲಂತೂ ಕ್ಷಾರ ಹೆಚ್ಚು, ಚರ್ಮವನ್ನೇ ಸುಡುತ್ತದೆ.

ಅವ್ವ ಎಲ್ಲವನ್ನೂ ಕೇಳಿದಳು. ಆಮೇಲೆ ಹೇಳಿದಳು, “ಮೈಯಾಗಿನ ಎಣ್ಣಿ ಹೋದ್ರ ನಾಳಿ ಬರತೈತಪಾ. ಯಾರರ ಹೊಲಸ ಅಂದ್ರ ಆ ಮಾತು ಹೋಗೂದಿಲ್ಲ.”

ನಾನು ಮೆಲ್ಲಗೆ ಅಂದೆ, “ಅವ್ವಾ, ನೀ ದಿನಾ ತಿಕ್ಕೇ ಕಳಸ್ತಿದ್ದಿ. ಆದ್ರೂ ನನ್ನ ಹೊರಗ ಕೂಡ್ಸಿದ್ರಲ್ಲ?”

ಅವ್ವ ಎದ್ದು ಹೋಗಿ ಕೊಬ್ಬರಿ ಎಣ್ಣೆಯ ಬಟ್ಟಲು ತಂದಳು. ಮೊಮ್ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಉರಿಯದ ಹಾಗೆ ಬೆರಳ ತುದಿಯಿಂದ ಹಚ್ಚುತ್ತ ಕುಳಿತಳು.

ಸಾಲಿಗೆ ಕಳಿಸುವ ದಿನ ಅವ್ವನೂ ಜೊತೆಗೆ ಬಂದಳು. ಕಲಿಸುವ ಅಕ್ಕೋರು ಶಾಂತಾಳ ಕೈಹಿಡಿದು, ಸಿಪ್ಪೆಯೆದ್ದ ಮೊಣಕೈ ಕಂಡು ಏನಾಯಿತೆಂದು ಕೇಳಿದರು. ಅವ್ವನ ಮುಖ ಸಣ್ಣದಾಯಿತು. “ಭಾಳ ತಿಕ್ಕೀನ್ರಿ,” ಎಂದಳು.

“ಇನ್ನ ತಿಕ್ಕಬ್ಯಾಡ್ರಿ. ಕೂಸಿಗೆ ಉರಿತೈತಿ,” ಎಂದ ಅಕ್ಕೋರು, ಶಾಂತಾಳನ್ನು ಎತ್ತಿಕೊಂಡೇ ಒಳಗೆ ಹೋಗಿ ಉಳಿದ ಮಕ್ಕಳ ನಡುವೆ ಚಾಪೆಯ ಮೇಲೆ ಕೂಡಿಸಿದರು.

ಅವ್ವ ಬಾಗಿಲ ಹೊರಗೆ ನಿಂತು ನೋಡಿದಳು. ಯಾರಾದರೂ ಬಂದು ಮಗುವನ್ನು ಎಬ್ಬಿಸಿಯಾರೆಂದು ಕಾಯುತ್ತಿದ್ದಳೆಂದು ಕಾಣುತ್ತದೆ. ಯಾರೂ ಎಬ್ಬಿಸಲಿಲ್ಲ.

ಕೋಳಿಗಿಂತ ಮೊದಲು ಏಳುತ್ತಿದ್ದ ಅವ್ವ ಮರುದಿನ ಬಿಸಿಲು ಒಳಗೆ ಬಂದರೂ ಮಲಗಿಯೇ ಇದ್ದಳು. ಮೈಯಲ್ಲಿ ಹುಷಾರಿಲ್ಲವೇನೋ ಎಂದು ಹೆಂಡತಿ ಎಬ್ಬಿಸಲು ಹೋದಳು. ನಾನು ಹಣೆ ಮುಟ್ಟಿ ನೋಡಿದೆ, ಜ್ವರವಿರಲಿಲ್ಲ, ಉಸಿರು ಸಮನಾಗಿತ್ತು, ಗಾಢ ನಿದ್ದೆ. ಅಷ್ಟು ವರ್ಷಗಳ ದಣಿವು ಒಂದು ಮುಂಜಾನೆಯ ನಿದ್ದೆಗೆ ತೀರುವಂಥದ್ದಲ್ಲ. ಆದರೂ ತೀರಿದಷ್ಟು ತೀರಲಿ ಎಂದು, ನಾವು ಸದ್ದು ಮಾಡದೆ ಬಾಗಿಲು ಮುಂದೆ ಮಾಡಿಕೊಂಡೆವು.